ತೂಕ ಒಂದೇ, ತಿರುಗುವ ಗತಿ ಬೇರೆ

1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಭದ್ರಾವತಿಯ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್, ಮುಂದೆ ರೈಲ್ವೆಗೆ ಆ್ಯಕ್ಸಲ್‌ಗಳನ್ನೂ ಮಾಡಿಕೊಟ್ಟಿತು. ಅಂಥದೊಂದು ಆ್ಯಕ್ಸಲ್ 400 ಕೆ.ಜಿ. ತೂಗುತ್ತದೆ, ಉದ್ದಕ್ಕೂ 16 ಸೆಂ.ಮೀ. ದಪ್ಪವಿದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಪಕ್ಕದಲ್ಲಿ ಅಷ್ಟೇ ತೂಕದ ಫ್ಲೈವೀಲ್ ಇದೆ. ಅದರ ಕಬ್ಬಿಣವೆಲ್ಲ ನಡುವಿನಿಂದ ಅರ್ಧ ಮೀಟರ್ ಆಚೆಯ ಅಂಚಿನಲ್ಲೇ ಕೂತಿದೆ. ಎರಡನ್ನೂ ಬೇರಿಂಗ್ ಮೇಲಿಟ್ಟು ಒಂದೇ ಮೋಟರಿನಿಂದ ತಿರುಗಿಸಿದರೆ ಯಾವುದು ಬೇಗ ವೇಗ ಹಿಡಿಯುತ್ತದೆ? ತಕ್ಕಡಿಗೆ ಎರಡೂ ಒಂದೇ, ಮೋಟರಿಗೆ ಹಾಗಲ್ಲ.

ತಿರುಗಿಸುವ ಶಕ್ತಿಯ ಅಳತೆಯೇ ಟಾರ್ಕ್. ಬಲವನ್ನೂ, ಅದು ನಡುವಿನಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದನ್ನೂ ಗುಣಿಸಿದರೆ ಸಿಗುತ್ತದೆ. ಮಲೆನಾಡಿನ ಆಲೆಮನೆಯಲ್ಲಿ ಗಾಣಕ್ಕೆ ಉದ್ದನೆಯ ಮರ ಕಟ್ಟಿ ಅದರ ತುದಿಗೆ ಎತ್ತು ಹೂಡುತ್ತಿದ್ದುದು ಇದಕ್ಕೇ. ಒಂದು ಮೀಟರ್ ಉದ್ದದ ತೋಳಿನ ತುದಿಗೆ ಸುಮಾರು 10 ಕೆ.ಜಿ. ತೂಗುಹಾಕಿದರೆ 100 ನ್ಯೂಟನ್-ಮೀಟರ್ ಟಾರ್ಕ್. ನಮ್ಮ ಮೋಟರ್ ಕೊಡುವುದೂ ಅಷ್ಟೇ ಎನ್ನಿ.

ಆ ಟಾರ್ಕಿಗೆ ವಸ್ತು ಒಡ್ಡುವ ಜಡತ್ವ ತೂಕಕ್ಕಷ್ಟೇ ಅಲ್ಲ, ದೂರದ ವರ್ಗಕ್ಕೂ ತಕ್ಕಂತೆ ಬೆಳೆಯುತ್ತದೆ. ಫ್ಲೈವೀಲಿಗೆ 400 × 0.5 × 0.5, ಅಂದರೆ 100. ಆ್ಯಕ್ಸಲ್ ಗಟ್ಟಿ ಕಂಬ, ಅದರ ಉಕ್ಕು ಅಂಚಿನಲ್ಲಷ್ಟೇ ಅಲ್ಲ, ನಡುವಿನಿಂದ ಅಂಚಿನವರೆಗೂ ಹರಡಿದೆ. ಹಾಗಾಗಿ ಅರ್ಧದಿಂದ ಗುಣಿಸಬೇಕು: 0.5 × 400 × 0.08 × 0.08, ಹೆಚ್ಚುಕಡಿಮೆ 1.28. ಟಾರ್ಕನ್ನು ಈ ಜಡತ್ವದಿಂದ ಭಾಗಿಸಿದರೆ ಕೋನೀಯ ವೇಗೋತ್ಕರ್ಷ ಬರುತ್ತದೆ. ಆ್ಯಕ್ಸಲ್‌ಗೆ 78, ಫ್ಲೈವೀಲಿಗೆ ಬರೀ 1. ನಿಮಿಷಕ್ಕೆ 300 ಸುತ್ತು ಎಂದರೆ ಸೆಕೆಂಡಿಗೆ 31.4 ರೇಡಿಯನ್. ಆ ವೇಗ ಮುಟ್ಟಲು ಆ್ಯಕ್ಸಲ್‌ಗೆ ಅರ್ಧ ಸೆಕೆಂಡೂ ಬೇಡ. ಫ್ಲೈವೀಲಿಗೆ ಅರ್ಧ ನಿಮಿಷ ದಾಟುತ್ತದೆ. ಪಿಯುಸಿ ಪುಸ್ತಕದ ರಾಟೆ, ದಾರ, ತೂಕಗಳ ಲೆಕ್ಕಕ್ಕಿಂತ ನಮ್ಮೂರ ಮಕ್ಕಳಿಗೆ ಇದನ್ನೇ ಕೊಡಬಾರದೇ ಎಂದು ನನಗನ್ನಿಸುವುದುಂಟು.

ಇಷ್ಟು ಸೋಮಾರಿ ಚಕ್ರ ಯಾರಿಗೆ ಬೇಕು? ರೋಲಿಂಗ್ ಮಿಲ್ಲಿಗೆ ಬೇಕು. ಕೆಂಪಗೆ ಕಾದ ಉಕ್ಕು ರೋಲುಗಳ ನಡುವೆ ಬಾಯಿ ಕೊಟ್ಟ ಕ್ಷಣ ಹೊರೆ ಒಮ್ಮೆಗೇ ಏರುತ್ತದೆ, ತುಂಡು ಆಚೆ ಬಂದೊಡನೆ ಇಳಿಯುತ್ತದೆ. ಆ ಎರಡು ಕ್ಷಣಕ್ಕೆಂದು ದೈತ್ಯ ಮೋಟರ್ ಕೂರಿಸುವುದು ದುಂದು. 10 ಟನ್ ತೂಕದ, 2 ಮೀಟರ್ ತ್ರಿಜ್ಯದ ಫ್ಲೈವೀಲ್ ಇದ್ದರೆ ಜಡತ್ವ 40,000. ತೂಕ ಹೆಚ್ಚಿದ್ದು 25 ಪಟ್ಟು, ಜಡತ್ವ ಹೆಚ್ಚಿದ್ದು 400 ಪಟ್ಟು! ಹೊರೆ ಬಿದ್ದಾಗ ಅದು ಎರಡು ಸೆಕೆಂಡಿನಲ್ಲಿ 300 ಸುತ್ತಿನಿಂದ 270ಕ್ಕೆ ಇಳಿದರೆ, ಆ ಇಳಿತವೇ ಸುಮಾರು 63,000 ನ್ಯೂಟನ್-ಮೀಟರ್ ಟಾರ್ಕನ್ನು ರೋಲಿಗೆ ಕೊಡುತ್ತದೆ. ಬಿಡುವಿನಲ್ಲಿ ಮೋಟರ್ ನಿಧಾನವಾಗಿ ಅದನ್ನು ಮತ್ತೆ 300ಕ್ಕೆ ಏರಿಸುತ್ತದೆ.

ಆದರೆ ಉಕ್ಕಿನ ದಿಮ್ಮಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಲಟ್ಟಿಸುವ ಮಿಲ್ಲುಗಳಲ್ಲಿ ಇದೇ ಗುಣ ಶಾಪ. ಅಲ್ಲಿ ರೋಲು ಕೆಲವೇ ಸೆಕೆಂಡುಗಳಲ್ಲಿ ನಿಂತು ಉಲ್ಟಾ ತಿರುಗಬೇಕು. ಹಾಗಾಗಿ ಆ ಮೋಟರಿನ ರೋಟರನ್ನು ಬೇಕೆಂದೇ ಸಣ್ಣ ವ್ಯಾಸದ್ದಾಗಿ, ಉದ್ದಕ್ಕೆ ಮಾಡುತ್ತಾರೆ. ಹಳೆಯ ಏರ್ಪಾಟಿನಲ್ಲಿ ಫ್ಲೈವೀಲನ್ನು ರೋಲಿಗೆ ಕಟ್ಟದೆ, ಮೋಟರಿಗೆ ಕರೆಂಟು ಕೊಡುವ ಜನರೇಟರಿನ ಶಾಫ್ಟಿಗೆ ಕಟ್ಟುತ್ತಿದ್ದರು. ಜಾಣತನ ಎಂದರೆ ಇದು.

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಬೇರಿಂಗ್ ಎಷ್ಟು ತಿನ್ನುತ್ತಿದೆ ಎಂದು ತಿಳಿಯಲು ಗಡಿಯಾರ ಸಾಕು. 300 ಸುತ್ತಿನಲ್ಲಿ ತಿರುಗುತ್ತಿದ್ದ ನಮ್ಮ 400 ಕೆ.ಜಿ. ಚಕ್ರ ಕರೆಂಟು ತೆಗೆದ ಮೇಲೆ ಐದು ನಿಮಿಷಕ್ಕೆ ನಿಂತರೆ, 31.4ನ್ನು 300 ಸೆಕೆಂಡಿನಿಂದ ಭಾಗಿಸಿ, 100ರಿಂದ ಗುಣಿಸಿ: ಸರಾಸರಿ ಹತ್ತೂವರೆ ನ್ಯೂಟನ್-ಮೀಟರ್ ಘರ್ಷಣೆಗೆ ಹೋಗುತ್ತಿದೆ. ಮುಂದಿನ ತಿಂಗಳು ಅದೇ ಚಕ್ರ ಮೂರೇ ನಿಮಿಷಕ್ಕೆ ನಿಂತರೆ ಬೇರಿಂಗ್ ಬಿಚ್ಚಿ ನೋಡಿ. ಆದರೆ ಸ್ವಿಚ್ ಆರಿಸಿದ್ದೇವೆ ಎಂಬ ಧೈರ್ಯದಲ್ಲಿ ಆ ಐದು ನಿಮಿಷದೊಳಗೆ ಅದರ ಹತ್ತಿರ ಕೈ ಒಯ್ಯಬೇಡಿ.