ಕೊನೆಯ ಗಳಿಗೆಯ ಗೆಲುವು: ಕೀರ್ತಿ ಕ್ವಾರ್ಟರ್‌ಬ್ಯಾಕ್‌ಗೋ, ತಂಡಕ್ಕೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡದ ಹನ್ನೊಂದು ಮಂದಿ ಏಕಕಾಲಕ್ಕೆ ಮೈದಾನಕ್ಕೆ ಇಳಿಯುತ್ತಾರೆ. ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ, ಚೆಂಡು ಒದೆಯುವುದಕ್ಕೇ ಮತ್ತೊಂದು ಪಡೆ. ಆದರೂ ಸೋಲು ಗೆಲುವುಗಳ ಲೆಕ್ಕ ಬರೆಯುವ ಹೊತ್ತಿಗೆ ಉಳಿಯುವುದು ಒಂದೇ ಹೆಸರು. ಚೆಂಡನ್ನು ಕೈಗೆತ್ತಿಕೊಂಡು, ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವ ಕ್ವಾರ್ಟರ್‌ಬ್ಯಾಕ್‌ನ ಹೆಸರು ಅದು.

ಪಂದ್ಯದ ಕೊನೆಯ ನಿಮಿಷಗಳಲ್ಲಿ ತಂಡವನ್ನು ದಡ ಸೇರಿಸುವ ಆಟಗಾರನಿಗೆ ಅಲ್ಲಿನವರು ‘ಕ್ಲಚ್’ ಎಂಬ ಬಿರುದು ಕೊಡುತ್ತಾರೆ. ಕೊನೆಯ ಓವರಿನಲ್ಲಿ ಪಂದ್ಯ ಮುಗಿಸುವ ಬ್ಯಾಟ್ಸ್‌ಮನ್‌ಗೆ ಕ್ರಿಕೆಟ್ ಪ್ರಿಯರು ಕೊಡುವ ಮನ್ನಣೆಯಂಥದ್ದೇ ಇದು. ಆದರೆ ಸಿಕ್ಸರ್ ಬಾರಿಸಿದವನು ಸ್ವತಃ ರನ್ ಗಳಿಸಿರುತ್ತಾನೆ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಇನ್ನೊಬ್ಬ ಹಿಡಿಯಬೇಕು; ಇಲ್ಲವೇ ಮತ್ತೊಬ್ಬ ಅದನ್ನು ಒದ್ದು ಗೋಲು ಕಂಬಗಳ ನಡುವೆ ದಾಟಿಸಬೇಕು. ಹಾಗಿರುವಾಗ ಬಿರುದು ಯಾರಿಗೆ ಸಲ್ಲಬೇಕು? ಎರಡು ಸೂಪರ್ ಬೌಲ್ ಪಂದ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಯ ಆಳ ತಿಳಿಯುತ್ತದೆ.

1991ರ ಜನವರಿ 27. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಬಫಲೋ ಬಿಲ್ಸ್ ತಂಡ ನ್ಯೂಯಾರ್ಕ್ ಜೈಂಟ್ಸ್ ಎದುರು 19-20ರಿಂದ ಹಿಂದಿತ್ತು. ಉಳಿದಿದ್ದುದು 2 ನಿಮಿಷ 16 ಸೆಕೆಂಡು. 100 ಗಜಗಳ ಮೈದಾನದಲ್ಲಿ ತಮ್ಮದೇ 10 ಗಜದ ಗೆರೆಯಿಂದ ಹೊರಟ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ, ಥರ್ಮನ್ ಥಾಮಸ್ ಅವರ ಓಟವನ್ನೂ ತಮ್ಮ ಕಾಲುಗಳನ್ನೂ ನೆಚ್ಚಿ, ತಂಡವನ್ನು ಎದುರಾಳಿಯ 29 ಗಜದ ಗೆರೆಗೆ ತಂದರು. 8 ಸೆಕೆಂಡು ಬಾಕಿ ಇದ್ದಾಗ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಒದ್ದ ಚೆಂಡು ಬಲಗಂಬದ ಹೊರಗೆ ಹಾದುಹೋಯಿತು. ಬಿಲ್ಸ್ ಸೋತಿತು.

2002ರ ಫೆಬ್ರುವರಿ 3. ನ್ಯೂ ಆರ್ಲಿಯನ್ಸ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಸೇಂಟ್ ಲೂಯಿಸ್ ರ‍್ಯಾಮ್ಸ್ 17-17ರಿಂದ ಸಮನಾಗಿದ್ದವು. ಪೇಟ್ರಿಯಟ್ಸ್ ಪಾಲಿಗೆ ಒಂದೂ ಟೈಮ್‌ಔಟ್ ಉಳಿದಿರಲಿಲ್ಲ. ಹೆಚ್ಚುವರಿ ಅವಧಿಗೆ ಕಾಯುವುದೇ ಲೇಸೆಂದು ಟಿವಿ ವೀಕ್ಷಕ ವಿವರಣೆಕಾರ, ಹಿಂದಿನ ಖ್ಯಾತ ತರಬೇತುದಾರ ಜಾನ್ ಮ್ಯಾಡನ್ ಹೇಳುತ್ತಿದ್ದರು. 24ರ ಹರೆಯದ ಟಾಮ್ ಬ್ರಾಡಿ ಕಾಯಲಿಲ್ಲ. 17 ಗಜದ ಗೆರೆಯಿಂದ ಹೊರಟು ಎದುರಾಳಿಯ 30 ಗಜದ ಗೆರೆ ಮುಟ್ಟಿದರು. ಆಡಂ ವಿನಾಟಿಯೆರಿ 48 ಗಜ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದಾಗ ಸಮಯವೂ ಮುಗಿದಿತ್ತು. ಪೇಟ್ರಿಯಟ್ಸ್ 20-17ರಿಂದ ಗೆದ್ದಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಬ್ರಾಡಿಯವರಿಗೆ ಹೋಯಿತು.

ಲೆಕ್ಕ ಹಾಕಿ ನೋಡಿ. ಕೆಲ್ಲಿ ಕ್ರಮಿಸಿದ್ದು 61 ಗಜ, ಬ್ರಾಡಿ 53 ಗಜ. ಕೆಲ್ಲಿ ತಮ್ಮ ತಂಡವನ್ನು ಕಂಬಗಳಿಗೆ ಒಂದು ಗಜ ಹೆಚ್ಚು ಹತ್ತಿರವೇ ತಂದಿದ್ದರು. ಬ್ರಾಡಿಗೆ ಸಮಯ ಕಡಿಮೆ ಇತ್ತು, ನಿಜ; ಆದರೆ ವಿನಾಟಿಯೆರಿ ಗುರಿ ತಪ್ಪಿದ್ದರೂ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತಿತ್ತೇ ಹೊರತು ಸೋಲು ಖಚಿತವಾಗುತ್ತಿರಲಿಲ್ಲ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ತಮ್ಮ ಕೆಲಸ ಮುಗಿಸಿ ಬದಿಯಲ್ಲಿ ನಿಂತಿದ್ದಾಗ ಇಬ್ಬರ ಚರಿತ್ರೆಯನ್ನೂ ಬೇರೆಯವರ ಕಾಲು ಬರೆಯಿತು. ಬ್ರಾಡಿ ಅಂದಿನಿಂದ ‘ಕ್ಲಚ್’. ಸತತ ನಾಲ್ಕು ಸೂಪರ್ ಬೌಲ್ ಸೋತ ಕೆಲ್ಲಿ 2002ರಲ್ಲಿ ಹಾಲ್ ಆಫ್ ಫೇಮ್ ಸೇರಿದರೂ ಆ ಬಿರುದು ಅವರತ್ತ ಸುಳಿಯಲಿಲ್ಲ.

ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ. ಆ ಪಂದ್ಯದಲ್ಲಿ ಪೇಟ್ರಿಯಟ್ಸ್‌ನ ಮೊದಲ 17 ಅಂಕಗಳೂ ರ‍್ಯಾಮ್ಸ್ ಕೈತಪ್ಪಿದ ಚೆಂಡುಗಳಿಂದಲೇ ಬಂದವು. ಟೈ ಲಾ ಎದುರಾಳಿಯ ಪಾಸ್ ಕಸಿದು 47 ಗಜ ಓಡಿ ಟಚ್‌ಡೌನ್ ಮಾಡಿದರು. ಬ್ರಾಡಿ ಇಡೀ ಪಂದ್ಯದಲ್ಲಿ ಎಸೆದು ಗಳಿಸಿದ್ದು 145 ಗಜ ಮಾತ್ರ.

ಹಾಗೆಂದು ಕ್ವಾರ್ಟರ್‌ಬ್ಯಾಕ್‌ನ ಪಾತ್ರವನ್ನು ಅದೃಷ್ಟವೆಂದು ತಳ್ಳಿಹಾಕುವುದೂ ಅನ್ಯಾಯವೇ. ತರಬೇತುದಾರರ ಸೂಚನೆ ಹೆಲ್ಮೆಟ್‌ನೊಳಗಿನ ಧ್ವನಿವರ್ಧಕದಲ್ಲಿ ಕೇಳುವ ವ್ಯವಸ್ಥೆ 1994ರಿಂದ ಇದೆ. ಆದರೆ ಆಟ ಆರಂಭಿಸಲು ಕೊಟ್ಟ ಗಡುವಿನಲ್ಲಿ 15 ಸೆಕೆಂಡು ಉಳಿದಾಗ ಸಂಪರ್ಕ ಕಡಿದುಹೋಗುತ್ತದೆ. ಆಮೇಲಿನ ನಿರ್ಧಾರಗಳೆಲ್ಲ ಅವನವೇ. ಬ್ರಾಡಿಯ ಆ ಕೊನೆಯ ಆಟದಲ್ಲಿ ಸಾಹಸಕ್ಕಿಂತ ಸಂಯಮವೇ ಎದ್ದು ಕಾಣುತ್ತದೆ. ಜೆ.ಆರ್. ರೆಡ್ಮಂಡ್‌ಗೆ ಮೂರು ಪುಟ್ಟ ಪಾಸ್, ದಾರಿ ಕಾಣದಾದಾಗ ಚೆಂಡನ್ನು ಹೊರಗೆಸೆದು ಪಾರಾದದ್ದು, ಬಳಿಕ ಟ್ರಾಯ್ ಬ್ರೌನ್‌ಗೆ 23 ಗಜಗಳ ಪಾಸ್. ಆದರೆ ಇಲ್ಲಿಯೂ ಬದಿಯ ಗೆರೆಯಾಚೆ ಓಡಿ ಗಡಿಯಾರ ನಿಲ್ಲಿಸಿದವರು ರೆಡ್ಮಂಡ್. ಎಸೆದವನ ವಿವೇಕ ಎಲ್ಲಿ ಮುಗಿಯಿತು, ಹಿಡಿದವನ ವಿವೇಕ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಆರು ವರ್ಷಗಳ ಬಳಿಕ ಅದೃಷ್ಟಚಕ್ರ ಬ್ರಾಡಿಯ ವಿರುದ್ಧವೇ ತಿರುಗಿತು. 2008ರ ಫೆಬ್ರುವರಿ 3ರಂದು, ಆ ಋತುವಿನಲ್ಲಿ ಅಜೇಯವಾಗಿದ್ದ ಪೇಟ್ರಿಯಟ್ಸ್ ತಂಡವನ್ನು ಜೈಂಟ್ಸ್ 17-14ರಿಂದ ಮಣಿಸಿತು. ಬ್ರಾಡಿ ಕೊನೆಯ ಹಂತದಲ್ಲಿ ತಂಡಕ್ಕೆ ಮುನ್ನಡೆ ತಂದುಕೊಟ್ಟೇ ಕುಳಿತಿದ್ದರು. ಜೈಂಟ್ಸ್‌ನ ಈಲೈ ಮ್ಯಾನಿಂಗ್ ಎಸೆದ ಒಂದು ಪಾಸ್ ಎದುರಾಳಿ ಅಸಾಂಟೆ ಸ್ಯಾಮ್ಯುಯೆಲ್‌ರ ಕೈಗೆ ತಗುಲಿಯೂ ಜಾರಿತು. ಮರು ಆಟದಲ್ಲೇ ಅಂಗಿ ಹಿಡಿದೆಳೆದವರಿಂದ ತಪ್ಪಿಸಿಕೊಂಡು ಮ್ಯಾನಿಂಗ್ ಎಸೆದ ಚೆಂಡನ್ನು ಡೇವಿಡ್ ಟೈರಿ ತಮ್ಮ ಹೆಲ್ಮೆಟ್‌ಗೆ ಒತ್ತಿ ಹಿಡಿದರು. ಆ ಋತುವಿನ ಲೀಗ್ ಹಂತದಲ್ಲಿ ಟೈರಿ ಹಿಡಿದದ್ದು ಕೇವಲ ನಾಲ್ಕು ಪಾಸ್! ಸ್ಯಾಮ್ಯುಯೆಲ್ ಬೆರಳು ಬಿಗಿ ಹಿಡಿದಿದ್ದರೆ ಅಂದಿನ ‘ಕ್ಲಚ್’ ವೀರ ಬ್ರಾಡಿಯೇ ಆಗಿರುತ್ತಿದ್ದರು. ಪಂದ್ಯಶ್ರೇಷ್ಠ ಪ್ರಶಸ್ತಿ ಮ್ಯಾನಿಂಗ್‌ಗೆ ಸಿಕ್ಕಿತು.

2015ರ ಫೆಬ್ರುವರಿ 1ರಂದು ಮತ್ತೆ ಬ್ರಾಡಿಯ ಸರದಿ. ಕೊನೆಯ ಭಾಗದಲ್ಲಿ 10 ಅಂಕ ಹಿಂದಿದ್ದ ತಂಡಕ್ಕೆ ಎರಡು ಟಚ್‌ಡೌನ್ ಪಾಸ್ ಎಸೆದು 28-24ರ ಮುನ್ನಡೆ ತಂದರು. ಆದರೂ ಸಿಯಾಟಲ್ ಸೀಹಾಕ್ಸ್ ಗೆರೆಯಿಂದ ಒಂದೇ ಗಜ ದೂರಕ್ಕೆ ಬಂದು ನಿಂತಿತ್ತು. ಆಗ ರಸೆಲ್ ವಿಲ್ಸನ್ ಎಸೆದ ಪಾಸನ್ನು ಕಸಿದವರು ಮಾಲ್ಕಂ ಬಟ್ಲರ್. ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸದ ಹೊಸ ಹುಡುಗ. ಬ್ರಾಡಿ ಪ್ರಶಸ್ತಿಯೊಂದಿಗೆ ಬಂದ ಟ್ರಕ್ ವಾಹನವನ್ನು ಬಟ್ಲರ್‌ಗೇ ಬಿಟ್ಟುಕೊಟ್ಟರು. ಅರ್ಹತೆ ಯಾರದೆಂದು ಅವರಿಗೆ ಗೊತ್ತಿತ್ತು.

ಈಲೈ ಅವರ ಅಣ್ಣ ಪೇಟನ್ ಮ್ಯಾನಿಂಗ್ ಅವರ ಕಥೆ ಇನ್ನೂ ವಿಚಿತ್ರ. 2013ರ ಋತುವಿನಲ್ಲಿ 55 ಟಚ್‌ಡೌನ್ ಪಾಸ್‌ಗಳ ದಾಖಲೆ ಬರೆದ ಅವರು ಸೂಪರ್ ಬೌಲ್‌ನಲ್ಲಿ 8-43ರಿಂದ ಸೋತರು. 2015ರ ಋತುವಿನಲ್ಲಿ ಕೇವಲ 9 ಟಚ್‌ಡೌನ್ ಪಾಸ್ ಎಸೆದು, 17 ಬಾರಿ ಚೆಂಡನ್ನು ಎದುರಾಳಿಗಳ ಕೈಗಿತ್ತ ಅದೇ ಮ್ಯಾನಿಂಗ್ 2016ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದರು. ಗೆಲ್ಲಿಸಿದ್ದು ವಾನ್ ಮಿಲ್ಲರ್ ನೇತೃತ್ವದ ಡೆನ್ವರ್ ಬ್ರಾಂಕೋಸ್ ರಕ್ಷಣಾ ಪಡೆ. ಈ ಬಾರಿ ಪ್ರಶಸ್ತಿಯೂ ಮಿಲ್ಲರ್‌ಗೇ ಸಂದಿತು.

ಕೊನೆಯ ಭಾಗದಲ್ಲಿ ಹಿಂದಿನಿಂದ ಬಂದು ಗೆದ್ದ ಪಂದ್ಯಗಳ ಎಣಿಕೆಯಿಂದ ಕ್ವಾರ್ಟರ್‌ಬ್ಯಾಕ್‌ಗಳನ್ನು ಅಳೆಯುವ ರೂಢಿಯಲ್ಲಿಯೂ ಇದೇ ದೋಷವಿದೆ. ಹಿಂದಿನಿಂದ ಬಂದು ಗೆಲ್ಲಬೇಕಾದರೆ ತಂಡ ಮೊದಲು ಹಿಂದೆ ಬಿದ್ದಿರಬೇಕು. ಮೂರನೇ ಭಾಗದಲ್ಲೇ ಪಂದ್ಯ ಮುಗಿಸುವವನಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಸೂಪರ್ ಬೌಲ್‌ನ ಪಂದ್ಯಶ್ರೇಷ್ಠ ಪ್ರಶಸ್ತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ವಾರ್ಟರ್‌ಬ್ಯಾಕ್‌ಗಳ ಪಾಲಾಗಿವೆ. ಅಪವಾದಗಳಿಲ್ಲದಿಲ್ಲ. 1989ರಲ್ಲಿ ಜೋ ಮೊಂಟಾನಾ ಕೊನೆಯ ಗಳಿಗೆಯಲ್ಲಿ 92 ಗಜ ಕ್ರಮಿಸಿ ಗೆದ್ದಾಗ, 215 ಗಜ ಗಳಿಸಿದ್ದ ಜೆರಿ ರೈಸ್ ಅವರಿಗೆ ಪ್ರಶಸ್ತಿ ಕೊಡಲಾಯಿತು. ಆದರೆ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಂತು ಅವನಿಗೆ ಆ ಎರಡು ಮೂರು ಸೆಕೆಂಡು ಒದಗಿಸುವ ದಾಳಿ ಪಡೆಯ ಲೈನ್‌ಮನ್‌ಗಳಲ್ಲಿ ಒಬ್ಬರಿಗೂ ಅದು ಒಲಿದಿಲ್ಲ. ಒದೆಯುವ ಆಟಗಾರರಿಗೂ ಇಲ್ಲ. 2004ರ ಸೂಪರ್ ಬೌಲ್‌ನಲ್ಲಿ ಕೆರೊಲಿನಾ ವಿರುದ್ಧ 4 ಸೆಕೆಂಡು ಉಳಿದಿದ್ದಾಗ ಮತ್ತೊಮ್ಮೆ ಗೆಲುವಿನ ಚೆಂಡು ಒದ್ದವರು ವಿನಾಟಿಯೆರಿ. ಆಗಲೂ ಪ್ರಶಸ್ತಿ ಪಡೆದವರು ಬ್ರಾಡಿ.