ಚಿಟಿಕೆ ಎಲೆ, ಪೂರ್ತಿ ನಿಷೇಧ

ಪೈಪಿನಲ್ಲಿ ಸೇದುವ ತಂಬಾಕು ಒಂದೇ ಹೊಲದ ಎಲೆಯಲ್ಲ. ಒಂದು ಡಬ್ಬಿಯಲ್ಲಿ ಹಲವು ದೇಶಗಳ, ಹಲವು ಹದದ ಎಲೆಗಳು ಬೆರೆತಿರುತ್ತವೆ. ದೊಡ್ಡ ಪಾಲು ಬಹುಮಟ್ಟಿಗೆ ವರ್ಜೀನಿಯಾ ತಳಿಯದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್ನಿನಲ್ಲಿ ಬಿಸಿ ಕೊಟ್ಟು ಹದಮಾಡುವ ಹೊಗೆಸೊಪ್ಪೂ ಇದೇ ಬಗೆಯದು. ಬಿಸಿಯಲ್ಲಿ ಬೇಗ ಒಣಗುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಹೊಗೆಗೆ ಸಿಹಿ ಬರುತ್ತದೆ. ಯುರೋಪಿನ ಕೆಲವು ತಯಾರಕರು ಇದಕ್ಕೆ ಸ್ವಲ್ಪ ಸಿಗಾರ್ ಎಲೆ ಸೇರಿಸುತ್ತಾರೆ. ಸಾರಿಗೆ ಇಂಗು ಬಿದ್ದಂತೆ, ಆ ಸ್ವಲ್ಪದಲ್ಲೇ ಇಡೀ ಮಿಶ್ರಣದ ಘಾಟು ಬದಲಾಗುತ್ತದೆ. ಸೇರಿಸಿದ ಎಲೆ ಕ್ಯೂಬಾದ್ದಾಗಿದ್ದರೆ ಅಮೆರಿಕದಲ್ಲಿ ಡಬ್ಬಿಯ ಕಾನೂನು ಸ್ಥಿತಿಯೂ ಬದಲಾಗುತ್ತದೆ.

ಕ್ಯೂಬಾದ ಪಶ್ಚಿಮ ತುದಿಯಲ್ಲಿ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯವಿದೆ. ಅಲ್ಲಿನ ವುಯೆಲ್ತಾ ಅಬಾಹೊ ಸೀಮೆಯ ಎಲೆಗೆ ಸಿಗಾರ್ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು. ಅದನ್ನು ಹದಮಾಡಲು ಬೆಂಕಿ ಬೇಡ. ಕೊಯ್ದ ಎಲೆಯನ್ನು ಗಳಗಳಿಗೆ ಪೋಣಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ನಿಧಾನವಾಗಿ ಒಣಗುವ ಎಲೆ ತನ್ನ ಸಕ್ಕರೆಯನ್ನೆಲ್ಲ ತಾನೇ ಕರಗಿಸಿಕೊಳ್ಳುತ್ತದೆ. ಆಮೇಲೆ ರಾಶಿ ಹಾಕಿದಾಗ ರಾಶಿ ಒಳಗೊಳಗೇ ಬಿಸಿಯೇರಿ, ಅಮೋನಿಯಾ ಹೊರಬಿದ್ದು, ಎಲೆ ಮಾಗುತ್ತದೆ. ಇಂಥ ಎಲೆಯ ಹೊಗೆ ಕ್ಷಾರೀಯ. ಆದ್ದರಿಂದ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತ ಸೇರುತ್ತದೆ. ಪೈಪು ಸಿಗರೇಟಿಗಿಂತ ಸುರಕ್ಷಿತ ಎಂದು ನಂಬಿದವರು ಇದನ್ನು ತಿಳಿದಿರಬೇಕು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಪೈಪೂ ಕಾರಣವಾಗುತ್ತದೆ.

ಕ್ಯೂಬಾದ ಸರಕಿನ ಮೇಲೆ ಅಮೆರಿಕ ಹೇರಿದ ನಿಷೇಧ 1962ರದು. ಫೆಬ್ರುವರಿ 3ರಂದು ಅಧ್ಯಕ್ಷ ಜಾನ್ ಕೆನಡಿ ಹೊರಡಿಸಿದ ಘೋಷಣೆ ನಾಲ್ಕು ದಿನಗಳಲ್ಲಿ ಜಾರಿಗೆ ಬಂತು. ಕ್ಯೂಬಾದ ಸರಕು ಒಳಬರುವುದು ನಿಂತಿತು. ಸಹಿ ಹಾಕುವ ಮುನ್ನ ಕೆನಡಿ ತಮಗಾಗಿ ಕ್ಯೂಬಾದ ಸಿಗಾರ್‌ಗಳನ್ನು ಕೂಡಿಸಿಡುವಂತೆ ಹೇಳಿದ್ದರು, ತಾನು 1,200 ತಂದುಕೊಟ್ಟೆ ಎಂದು ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಮುಂದೆ ಹೇಳಿಕೊಂಡರು. ಈ ಕಥೆ ಎಲ್ಲ ಕಡೆ ಓಡಾಡುತ್ತದೆ. ಪೈಪಿನ ಮಿಶ್ರಣಕ್ಕೆ ಸಂಬಂಧಪಟ್ಟ ಹೆಜ್ಜೆ ಮಾತ್ರ ಬಿದ್ದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಬೇರೆ ದೇಶದಲ್ಲಿ ತಯಾರಾಗಿದ್ದರೂ ಕ್ಯೂಬಾದ ಕಚ್ಚಾವಸ್ತು ಸೇರಿದ್ದರೆ ಆ ಸರಕೂ ನಿಷಿದ್ಧ ಎಂದಾಯಿತು. 1963ರ ಜುಲೈನಲ್ಲಿ ಬಂದ, ಇಂದಿಗೂ ಜಾರಿಯಲ್ಲಿರುವ ಕ್ಯೂಬಾ ಆಸ್ತಿ ನಿಯಂತ್ರಣ ನಿಯಮಗಳು ಇದನ್ನೇ ಉಳಿಸಿಕೊಂಡವು: ಪೂರ್ತಿಯಾಗಲಿ, ಭಾಗಶಃ ಆಗಲಿ, ಕ್ಯೂಬಾದ ಬೆಳೆಯಿಂದಾದದ್ದು ಅಮೆರಿಕ ಪ್ರವೇಶಿಸುವಂತಿಲ್ಲ. ನೂರರಲ್ಲಿ ಎಷ್ಟು ಪಾಲಿದ್ದರೆ ಪರವಾಗಿಲ್ಲ ಎಂಬ ವಿನಾಯಿತಿ ಇದರಲ್ಲಿಲ್ಲ. ಜರ್ಮನಿಯಲ್ಲಿ ಬೆರೆಸಿ, ಒತ್ತಿ, ಕತ್ತರಿಸಿ, ಡಬ್ಬಿಗೆ ತುಂಬಿದರೂ ಒಂದು ಚಿಟಿಕೆ ಎಲೆ ತನ್ನ ಹುಟ್ಟೂರನ್ನು ಕಳೆದುಕೊಳ್ಳುವುದಿಲ್ಲ.

ಇಲ್ಲಿ ಕಾನೂನು ನೋಡುವುದು ಎಲೆ ಬೆಳೆದ ಮಣ್ಣನ್ನು, ಬೀಜದ ವಂಶವನ್ನಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಕ್ರಾಂತಿಯ ನಂತರ ಕ್ಯೂಬಾ ಬಿಟ್ಟ ತಂಬಾಕು ಮನೆತನಗಳು ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾಗಳಲ್ಲಿ ಕ್ಯೂಬಾ ತಳಿಯ ಬೀಜ ಬಿತ್ತಿದವು. ಆ ಎಲೆ ಅಮೆರಿಕದಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಅಮೆರಿಕದ ಕನೆಕ್ಟಿಕಟ್, ವಿಸ್ಕಾನ್ಸಿನ್‌ಗಳಲ್ಲೇ ‘ಹವಾನಾ ಸೀಡ್’ ಎಂಬ ತಳಿ ಬೆಳೆದಿದೆ. ಡಬ್ಬಿಯ ಮೇಲೆ ಹವಾನಾ ಎಂದು ಕಂಡ ಮಾತ್ರಕ್ಕೆ ಒಳಗಿನದು ಕ್ಯೂಬಾದ್ದೆಂದು ಹೇಳಲಾಗದು.

ನಡುವೆ ಬಾಗಿಲು ಕೊಂಚ ತೆರೆದಿತ್ತು. ಒಬಾಮಾ ಆಡಳಿತ 2015ರ ಜನವರಿಯಲ್ಲಿ, ಅನುಮತಿ ಪಡೆದು ಕ್ಯೂಬಾಕ್ಕೆ ಹೋಗಿಬಂದವರು 100 ಡಾಲರ್‌ವರೆಗಿನ ಮದ್ಯ, ತಂಬಾಕು ತರಬಹುದೆಂದಿತು. 2016ರ ಅಕ್ಟೋಬರ್‌ನಲ್ಲಿ ಆ ಮಿತಿಯೂ ಹೋಯಿತು. ಬೇರೆ ದೇಶದಲ್ಲಿ ಕೊಂಡ ಕ್ಯೂಬಾ ತಂಬಾಕನ್ನೂ ಸ್ವಂತಕ್ಕೆಂದು ಜೊತೆಯ ಸಾಮಾನಿನಲ್ಲಿ ತರಬಹುದಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತ ಮತ್ತೆ ಮುಚ್ಚಿತು.

ಅಟ್ಲಾಂಟಿಕ್‌ನ ಈಚೆ ದಡದಲ್ಲಿ ಇದೇ ಡಬ್ಬಿ ಅಂಗಡಿಯ ಸಾಮಾನ್ಯ ಸರಕು. ಅಮೆರಿಕದ ನಿರ್ಬಂಧಗಳು ತನ್ನ ಕಂಪನಿಗಳನ್ನು ಕಟ್ಟಿಹಾಕಬಾರದೆಂದು ಯುರೋಪಿಯನ್ ಒಕ್ಕೂಟ 1996ರಲ್ಲಿ ಪ್ರತ್ಯೇಕ ತಡೆಕಾನೂನನ್ನೇ ಮಾಡಿಕೊಂಡಿತು. ಭಾರತವೂ ಕ್ಯೂಬಾದ ಮೇಲೆ ಇಂಥ ನಿಷೇಧ ಹೇರಿಲ್ಲ. ಇಲ್ಲಿ ಸುಂಕ ಕಟ್ಟಬೇಕು, 2003ರ ತಂಬಾಕು ಕಾಯ್ದೆಯ ಎಚ್ಚರಿಕೆ ಚಿತ್ರಗಳಿರಬೇಕು; ಎಲೆ ಕ್ಯೂಬಾದ್ದು ಎಂಬುದೇ ಅಪರಾಧವಲ್ಲ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುತ್ತದೆ. ನಿಯಮ ಅಲ್ಲಿನ ಪ್ರಜೆಗಳಿಗಷ್ಟೇ ಅಲ್ಲ, ಗ್ರೀನ್ ಕಾರ್ಡ್ ಹೊಂದಿದವರಿಗೂ ಆ ನೆಲದ ಮೇಲೆ ಇರುವ ಯಾರಿಗಾದರೂ ಅನ್ವಯಿಸುತ್ತದೆ. ಲಂಡನ್ನಿನಲ್ಲಿ ಕೊಂಡು ಅಲ್ಲೇ ಸೇದಿ ಮುಗಿಸಿದರೆ ತಕರಾರಿಲ್ಲ. ಉಳಿದದ್ದನ್ನು ಚೀಲದಲ್ಲಿಟ್ಟು ಅಮೆರಿಕಕ್ಕೆ ಮರಳಿದರೆ, ಅಥವಾ ಅಂಚೆಯಲ್ಲಿ ತರಿಸಿಕೊಂಡರೆ, ಕಸ್ಟಮ್ಸ್‌ನವರು ಅದನ್ನು ವಶಪಡಿಸಿಕೊಳ್ಳಬಹುದು.