ಉಗ್ಗಾನಿಯೋ, ಒಗ್ಗರಣೆಯೋ? ಯಾವುದು ಅಸಲಿ?

ಆದವಾನಿ ಪೇಟೆಯಲ್ಲಿ ಬೆಳಗಿನ ತಿಂಡಿ ಎಂದರೆ ಉಗ್ಗಾನಿ ಮತ್ತು ಮಿರ್ಚಿ ಬಜ್ಜಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಶಿನದ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ. ಬಳ್ಳಾರಿಯ ನೆಂಟರು ಬಂದರೆ, “ಇದು ನಮ್ಮ ಒಗ್ಗರಣೆ ಅಲ್ಲವೇ?” ಎನ್ನುತ್ತಾರೆ. ಹುಬ್ಬಳ್ಳಿಯಿಂದ ಬಂದ ಸೊಸೆಗೆ ಇದು ಚುರುಮುರಿ ಸುಸಲಾ. ಅತ್ತೆ ತನ್ನದು ಅಸಲಿ ಎಂದರೆ, ಸೊಸೆ ತನ್ನ ತವರಿನದು ಅಸಲಿ ಎನ್ನುತ್ತಾಳೆ. ಇದರಲ್ಲಿ ಯಾರ ಮಾತು ನಿಜ?

ಇತಿಹಾಸ ನೋಡಿದರೆ ಜಗಳಕ್ಕೆ ಕಾರಣವೇ ಇಲ್ಲ. ಆದವಾನಿ ಮೊದಲು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಗಡಿ ಬದಲಾಯಿತು, ಒಲೆ ಬದಲಾಗಲಿಲ್ಲ. ಮಂತ್ರಾಲಯದಲ್ಲಿ ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಎರಡೂ ದಡಗಳಲ್ಲಿ ಮಂಡಕ್ಕಿ ಅದೇ, ಹೆಸರು ಮಾತ್ರ ಬೇರೆ. ತೆಲುಗಿನವರು ಬೊರುಗುಲು ಎಂದರೆ, ನಮ್ಮ ಗುಜರಾತಿ ಮನೆಗಳಲ್ಲಿ ಮಮರಾ ಎನ್ನುತ್ತಾರೆ.

ದೂರದ ಮೆಕ್ಸಿಕೋದಲ್ಲೂ ಇದೇ ಕಥೆ. ಟೆಕ್ಸಾಸ್ 1836ರವರೆಗೆ ಮೆಕ್ಸಿಕೋದ ಭಾಗವಾಗಿತ್ತು. 1845ರಲ್ಲಿ ಅಮೆರಿಕಕ್ಕೆ ಸೇರಿತು. ಅಲ್ಲಿ ಉಳಿದ ಮನೆತನಗಳು ಸಿಕ್ಕ ಸಾಮಾನಿನಲ್ಲೇ ಅಡುಗೆ ಮುಂದುವರಿಸಿದವು. ಜೀರಿಗೆ ಹೆಚ್ಚಾಯಿತು, ಹಳದಿ ಚೀಸ್ ಬಂತು. ಅದಕ್ಕೆ ಟೆಕ್ಸ್-ಮೆಕ್ಸ್ ಎಂಬ ಹೆಸರು ಬಿತ್ತು. ಅಸಲಿಯಲ್ಲ ಎಂದು ಮೂಗು ಮುರಿದವರೂ ಉಂಟು. ಆದರೆ ಮೆಕ್ಸಿಕೋದೊಳಗೂ ಒಂದೇ ಅಡುಗೆ ಇಲ್ಲ; ಉತ್ತರದವರು ಗೋಧಿ ರೊಟ್ಟಿ ತಿಂದರೆ, ದಕ್ಷಿಣದವರಿಗೆ ಮೆಕ್ಕೆಜೋಳದ ರೊಟ್ಟಿಯೇ ಬೇಕು. ಇಂದು ಎಲ್ಲರಿಗೂ ಗೊತ್ತಿರುವ ನಾಚೋಸ್ ಹುಟ್ಟಿದ್ದು 1940ರ ದಶಕದಲ್ಲಿ, ಪಿಯೆದ್ರಾಸ್ ನೆಗ್ರಾಸ್ ಎಂಬ ಗಡಿ ಊರಿನಲ್ಲಿ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಮೆಕ್ಸಿಕನ್ ಹೋಟೆಲಿನಲ್ಲಿ ಕಾಳಿನ ಪಲ್ಯ, ಗೋಧಿ ರೊಟ್ಟಿ ನೋಡಲು ಸಸ್ಯಾಹಾರವೇ. ಆದರೆ ಸಂಪ್ರದಾಯದ ಪ್ರಕಾರ ಅವುಗಳಿಗೆ ಹಂದಿಯ ಕೊಬ್ಬು ಹಾಕುವುದುಂಟು. ಕೇಳಿ ತಿಳಿಯದೆ ತಿನ್ನಬಾರದು.

ಈಗ ನಮ್ಮ ಮನೆಯ ಪ್ರಶ್ನೆ. ಈರುಳ್ಳಿ ಇಲ್ಲದ ಉಗ್ಗಾನಿ ಉಗ್ಗಾನಿಯೇ ಅಲ್ಲ ಎಂದು ಹೊರಗಿನ ಗೆಳೆಯರು ಹೇಳಿದಾಗ ನಮ್ಮ ಹುಡುಗರಿಗೆ ಮನೆಯ ತಿಂಡಿ ಸಪ್ಪೆ ಎನಿಸುತ್ತದೆ. ಬಂಡಿಯ ಕಡೆ ಕಾಲು ಎಳೆಯುತ್ತದೆ. ಬಂಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದ ಎಣ್ಣೆಯಲ್ಲೇ ಈರುಳ್ಳಿ ಬಜ್ಜಿಯನ್ನೂ ಕರಿದಿರುತ್ತಾರೆ. ಗದರಿದರೆ ಮಕ್ಕಳು ಕದ್ದು ತಿಂದಾರು. ಮನೆಯಲ್ಲೇ ರುಚಿಯಾಗಿ ಮಾಡಿಕೊಡುವುದು ಜಾಣತನ. ಮಂತ್ರಾಲಯದ ಮಠದ ಅಡುಗೆಯಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಹಾಗೆಂದು ಅದು ಈ ಸೀಮೆಯ ಊಟವಲ್ಲ ಎಂದು ಯಾರೂ ಹೇಳುವುದಿಲ್ಲ.

ಮಾಡುವ ಕ್ರಮ ಸುಲಭ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಹಿಂಡಿ ತೆಗೆಯಿರಿ. ಹೆಚ್ಚು ನೆನೆದರೆ ಮುದ್ದೆಯಾಗುತ್ತದೆ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕಡಲೆಬೇಳೆ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ. ಈರುಳ್ಳಿಯ ಬದಲು ಸಣ್ಣಗೆ ಹೆಚ್ಚಿದ ಟೊಮ್ಯಾಟೊ, ಚಿಟಿಕೆ ಸಕ್ಕರೆ ಸೇರಿಸಿ ಬಾಡಿಸಿ. ಅರಿಶಿನ, ಉಪ್ಪು, ಮಂಡಕ್ಕಿ ಬೆರೆಸಿ, ಕೊನೆಗೆ ಹುರಿಗಡಲೆ ಮತ್ತು ಒಣಕೊಬ್ಬರಿ ಕೂಡಿಸಿ ಮಾಡಿದ ಪುಡಿಯನ್ನು ಧಾರಾಳವಾಗಿ ಹಾಕಿ. ಬಜ್ಜಿಯ ಹಿಟ್ಟಿಗೆ ಅಜವಾನ ಬೀಳಲಿ. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರು ಕರಿಬೇವು, ಕೊತ್ತಂಬರಿ ಬಿಡಬಹುದು. ಕಡಲೆ ದ್ವಿದಳವಾದ್ದರಿಂದ ಆ ನಿಯಮ ಪಾಲಿಸುವವರು ಹಸಿ ಮೊಸರು, ಮಜ್ಜಿಗೆ ಜೊತೆಗಿಡದೆ ಹುಳಿಗೆ ನಿಂಬೆಹಣ್ಣನ್ನೇ ಹಿಂಡಲಿ. ಸಂಜೆ ಮಾಡುವುದಾದರೆ ಸೂರ್ಯಾಸ್ತಕ್ಕೆ ಮೊದಲೇ ತಟ್ಟೆ ಖಾಲಿಯಾಗಲಿ.

ಹಿಂಡಿದ ಮಂಡಕ್ಕಿ, ಒಗ್ಗರಣೆ, ಪುಡಿ, ಹುಳಿ: ಇವು ನಾಲ್ಕು ಇದ್ದರೆ ಉಗ್ಗಾನಿಯ ಜೀವ ಉಳಿಯಿತು. ಮಿಕ್ಕಿದ್ದು ಆಯಾ ಊರಿನ, ಆಯಾ ಮನೆಯ ರೂಢಿ. ಅತ್ತೆಯ ಕೈ ಒಂದು ದಿನ, ಸೊಸೆಯ ಕೈ ಒಂದು ದಿನ ಆಗಲಿ. ಎರಡೂ ಅಸಲಿಯೇ.